ಭಾರದ ಗ್ರಾಫಿಕ್ಸ್ ಕಾರ್ಡ್ ಜೋಲುಬೀಳದಂತೆ ಹಿಡಿದಿಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕಾರ್ಡ್ ಹಾಕಿ ಕ್ಯಾಬಿನೆಟ್ ಮುಚ್ಚಿದ ಮೇಲೆ ಪಕ್ಕದಿಂದ ನೋಡಿದರೆ ಅದರ ಒಂದು ತುದಿ ಕೆಳಕ್ಕೆ ಇಳಿದಂತೆ ಕಾಣುತ್ತದೆ. ಮುರಿದುಬೀಳುತ್ತದೆಯೇ ಎಂಬ ಭಯ ಒಂದು ಕಡೆ, ಸುಮ್ಮನೆ ದುಡ್ಡು ಕೀಳಲು ಮಾರುವ ಸ್ಟ್ಯಾಂಡುಗಳೇ ಇವೆಲ್ಲ ಎಂಬ ಅನುಮಾನ ಇನ್ನೊಂದು ಕಡೆ. ಎರಡಕ್ಕೂ ಇಲ್ಲಿ ಉತ್ತರವಿದೆ.

ಓದುವಾಗ ಗೊಂದಲವಾಗದಿರಲು ದಿಕ್ಕುಗಳನ್ನು ಮೊದಲೇ ಹೇಳಿಬಿಡುತ್ತೇನೆ. "ಹಿಂದೆ" ಎಂದರೆ ಮಾನಿಟರ್ ಕೇಬಲ್ ಸಿಕ್ಕಿಸುವ ಕಡೆ. "ಮುಂದೆ" ಎಂದರೆ ಅದರ ಎದುರಿನ ತುದಿ. "ಹೊರ ಅಂಚು" ಎಂದರೆ ಮದರ್‌ಬೋರ್ಡಿನಿಂದ ದೂರ, ಕ್ಯಾಬಿನೆಟ್ಟಿನ ಪಕ್ಕದ ಗಾಜಿನ ಕಡೆಗೆ ಇರುವ ಅಂಚು.

ಕಾರ್ಡ್ ಜೋಲುವುದಾದರೂ ಏಕೆ? ಮೊದಲೆಲ್ಲ ಹೀಗಿರಲಿಲ್ಲವಲ್ಲ?

ಇರಲಿಲ್ಲ ನಿಜ, ಅದಕ್ಕೆ ಎರಡು ಕಾರಣ.

ಮೊದಲನೆಯದು ಕ್ಯಾಬಿನೆಟ್ ನಿಂತ ಭಂಗಿ. 1981ರಲ್ಲಿ ಬಂದ ಐಬಿಎಂ ಪಿಸಿ ಮೇಜಿನ ಮೇಲೆ ಮಲಗಿರುತ್ತಿತ್ತು. ಅದರೊಳಗೆ ಕಾರ್ಡುಗಳು ನೆಟ್ಟಗೆ ನಿಲ್ಲುತ್ತಿದ್ದವು, ಭಾರ ನೇರವಾಗಿ ಸ್ಲಾಟಿನೊಳಕ್ಕೆ (ಮದರ್‌ಬೋರ್ಡಿನಲ್ಲಿ ಕಾರ್ಡ್ ಸಿಕ್ಕಿಸುವ ಸಂದಿ) ಇಳಿಯುತ್ತಿತ್ತು. ಉದ್ದದ ಕಾರ್ಡುಗಳ ಮುಂದಿನ ತುದಿಯನ್ನು ಹಿಡಿಯಲು ಪ್ಲಾಸ್ಟಿಕ್ ಹಿಡಿಕೆಯೂ ಇತ್ತು. ಆಮೇಲೆ ಟವರ್ ಬಂತು. ಕ್ಯಾಬಿನೆಟ್ ಎದ್ದು ನಿಂತಿತು, ಕಾರ್ಡ್ ಅಡ್ಡ ಮಲಗಿತು, ಆ ಹಿಡಿಕೆಯಂತೂ ಮನೆಬಳಕೆಯ ಕ್ಯಾಬಿನೆಟ್ಟುಗಳಿಂದ ಮಾಯವೇ ಆಯಿತು. ಮದರ್‌ಬೋರ್ಡಿಗೂ ಕ್ಯಾಬಿನೆಟ್ಟಿಗೂ ಈಗ ನಾವು ಬಳಸುವ ಎಟಿಎಕ್ಸ್ ಎಂಬ ಅಳತೆ 1995ರದು. ಅದನ್ನು ರೂಪಿಸಿದಾಗ ಎರಡು ಕಿಲೋ ತೂಗುವ ಗ್ರಾಫಿಕ್ಸ್ ಕಾರ್ಡ್ ಯಾರ ಕಲ್ಪನೆಯಲ್ಲೂ ಇರಲಿಲ್ಲ.

ಎರಡನೆಯದು ತೂಕ. ಎನ್‌ವಿಡಿಯಾ ಕಂಪನಿಯ 2016ರ ಕಾರ್ಡ್ ಜಿಟಿಎಕ್ಸ್ 1080 ಬಳಸುತ್ತಿದ್ದುದು 180 ವ್ಯಾಟ್. 2022ರ ಆರ್‌ಟಿಎಕ್ಸ್ 4090ಕ್ಕೆ 450 ವ್ಯಾಟ್ ಬೇಕು. ಅಷ್ಟು ಶಾಖವನ್ನು ಹೊರಹಾಕಲು ತಾಮ್ರದ ಕೊಳವೆಗಳೂ ಅಲ್ಯೂಮಿನಿಯಂ ರೆಕ್ಕೆಗಳೂ ಬೇಕು, ಕಾರ್ಡಿನ ತೂಕವೆಲ್ಲ ಅವುಗಳದೇ. ಎನ್‌ವಿಡಿಯಾ ತಾನೇ ಮಾಡಿದ 4090 ಕಾರ್ಡಿನ ಉದ್ದ 304 ಮಿ.ಮೀ., ತೂಕ ಸುಮಾರು 2.2 ಕಿಲೋ. ಬೇರೆ ಕಂಪನಿಗಳು ಮಾಡಿದವುಗಳಲ್ಲಿ 350 ಮಿ.ಮೀ. ದಾಟಿದವೂ ಇವೆ. ವ್ಯಾಟ್ ಏರಿದರೆ ತೂಕ ಏರಲೇಬೇಕೆಂಬ ನಿಯಮವೇನೂ ಇಲ್ಲ: 2025ರ ಆರ್‌ಟಿಎಕ್ಸ್ 5090 ಕುಡಿಯುವುದು 575 ವ್ಯಾಟ್, ಆದರೂ ಎನ್‌ವಿಡಿಯಾದ ಸ್ವಂತ ಮಾದರಿ ಎರಡೇ ಸ್ಲಾಟ್ ದಪ್ಪದ್ದು, ಹಿಂದಿನದಕ್ಕಿಂತ ಹಗುರ. ಆದರೆ ಅದು ಅಪವಾದ.

ಇಷ್ಟು ಭಾರವನ್ನು ಹಿಡಿದಿರುವುದು ಏನು? ಹಿಂದೆ ಎರಡೋ ಮೂರೋ ಸ್ಕ್ರೂ, ಒಳ ಅಂಚಿನಲ್ಲಿ 89 ಮಿ.ಮೀ. ಉದ್ದದ ಸ್ಲಾಟ್. ಅದೂ ಹಿಂದಿನ ಅರ್ಧದಲ್ಲೇ. ಕಾರ್ಡಿನ ಮುಂದಿನ ಅರ್ಧ, ಗೋಡೆಗೆ ಒಂದೇ ತುದಿಯಲ್ಲಿ ಮೊಳೆ ಹೊಡೆದ ಹಲಗೆಯ ಹಾಗೆ, ಗಾಳಿಯಲ್ಲಿದೆ.

ಎಷ್ಟು ಬಾಗಿದರೆ ಚಿಂತಿಸಬೇಕು?

ಕಣ್ಣಂದಾಜು ಬೇಡ, ಸ್ಕೇಲ್ ತನ್ನಿ. ಮೊದಲು ಕ್ಯಾಬಿನೆಟ್ ಸಮತಟ್ಟಾಗಿ ನಿಂತಿದೆಯೇ ನೋಡಿ. ಆಮೇಲೆ ಕ್ಯಾಬಿನೆಟ್ಟಿನ ಒಳತಳದಿಂದ ಕಾರ್ಡಿನವರೆಗಿನ ಎತ್ತರವನ್ನು ಎರಡು ಕಡೆ ಅಳೆಯಿರಿ: ಬ್ರ್ಯಾಕೆಟ್ಟಿನ (ಕಾರ್ಡಿನ ಹಿಂದಿನ ತುದಿಯ, ಸ್ಕ್ರೂ ಬೀಳುವ ಲೋಹದ ಪಟ್ಟಿ) ಪಕ್ಕದಲ್ಲಿ ಒಮ್ಮೆ, ಮುಂದಿನ ತುದಿಯಲ್ಲಿ ಇನ್ನೊಮ್ಮೆ. ಎರಡರ ವ್ಯತ್ಯಾಸವೇ ಜೋಲು. ಪ್ಲಾಸ್ಟಿಕ್ ಹೊದಿಕೆಯನ್ನು ನಂಬಬೇಡಿ, ಕೆಲವು ಕಾರ್ಡುಗಳಲ್ಲಿ ಅದರ ವಿನ್ಯಾಸವೇ ಓರೆ. ಮೇಲಿನ ಬ್ಯಾಕ್‌ಪ್ಲೇಟಿನ (ಕಾರ್ಡಿನ ಬೆನ್ನಿಗೆ ಹೊದಿಸಿದ ಫಲಕ) ಗೆರೆಯನ್ನು ಹಿಡಿದು ಅಳೆದರೆ ವಾಸಿ.

ಒಂದೆರಡು ಮಿ.ಮೀ. ಇದ್ದರೆ ನಿದ್ದೆ ಕೆಡಿಸಿಕೊಳ್ಳಬೇಡಿ. ಐದು ಮಿ.ಮೀ. ಮೀರಿದರೆ ಆಧಾರ ಕೊಡಿ. ನಡುವೆ ಇದ್ದರೆ ಕಾರ್ಡಿನ ತೂಕ ನೋಡಿ ತೀರ್ಮಾನಿಸಿ: ಒಂದೂವರೆ ಕಿಲೋ ದಾಟಿದ ಕಾರ್ಡಿಗೆ, ಅದು ಈಗ ನೆಟ್ಟಗೇ ಇದ್ದರೂ, ನಾನಂತೂ ಆಧಾರ ಇಲ್ಲದೆ ಬಿಡುವುದಿಲ್ಲ. ಈ ಅಂಕಿಗಳು ಯಾವ ಕಂಪನಿಯ ನಿಯಮವೂ ಅಲ್ಲ, ಬಳಕೆಯ ಅಂದಾಜು.

ಅಳೆಯುವಾಗ ಹೊರ ಅಂಚನ್ನೂ ನೋಡುವುದು ಒಳ್ಳೆಯದು. ಕಾರ್ಡ್ ಜೋಲುವುದು ಉದ್ದಕ್ಕೆ ಮಾತ್ರವಲ್ಲ, ಅಗಲಕ್ಕೂ. ಮದರ್‌ಬೋರ್ಡಿನ ಕಡೆ ಎತ್ತರವಾಗಿ, ಗಾಜಿನ ಕಡೆ ತಗ್ಗಾಗಿ ತಿರುಚಿಕೊಂಡಿರುತ್ತದೆ. ಎರಡೂ ಸೇರಿದಾಗ ಎಲ್ಲಕ್ಕಿಂತ ಕೆಳಗೆ ಇಳಿಯುವುದು ಮುಂದಿನ ಹೊರ ಮೂಲೆ.

ಬಾಗಿದ್ದರಿಂದ ಕಾರ್ಡ್ ನಿಜವಾಗಿ ಹಾಳಾಗುತ್ತದೆಯೇ? ಸುಮ್ಮನೆ ಹೆದರಿಸುತ್ತಾರೋ?

ಎರಡೂ ಇದೆ. ಸ್ವಲ್ಪ ಬಾಗಿದ ಕಾರ್ಡುಗಳು ವರ್ಷಗಟ್ಟಲೆ ಏನೂ ಆಗದೆ ಓಡುತ್ತವೆ. ಆದರೆ ಹಾನಿ ಆದಾಗ ಅದು ಎಲ್ಲಿ ಆಗುತ್ತದೆ ಎಂಬುದು ತಿಳಿದಿದ್ದರೆ ಏನನ್ನು ತಡೆಯಬೇಕು ಎಂಬುದೂ ತಿಳಿಯುತ್ತದೆ.

ಒಂದು ಜಾಗ, ಕಾರ್ಡಿನ ಚಿನ್ನದ ಬಣ್ಣದ ಹಲ್ಲುಗಳು ಮುಗಿಯುವಲ್ಲಿ ಇರುವ ಸಣ್ಣ ಕೊಕ್ಕೆ. ಸ್ಲಾಟಿನ ಚಿಲಕ ಹಿಡಿದುಕೊಳ್ಳುವುದು ಅದನ್ನೇ. ಮುಂದಿನ ತುದಿ ಕೆಳಕ್ಕೆ ಜಗ್ಗುತ್ತದೆ, ಚಿಲಕ ಕೊಕ್ಕೆಯನ್ನು ಬಿಡುವುದಿಲ್ಲ. ಕಾರ್ಡಿನ ಬೋರ್ಡನ್ನು ಅಲ್ಲಿ ಮೂಲೆಯಾಗಿ ಕತ್ತರಿಸಿರುವುದರಿಂದ ಎಳೆತವೆಲ್ಲ ಆ ಮೂಲೆಯಲ್ಲಿ ಕೂಡಿಕೊಳ್ಳುತ್ತದೆ. ಬೋರ್ಡ್ ಎಂದರೆ ಗಾಜಿನ ನಾರು ಮತ್ತು ಎಪಾಕ್ಸಿಯ ಪದರಗಳು, ದಪ್ಪ ಸಾಮಾನ್ಯವಾಗಿ 1.6 ಮಿ.ಮೀ. ಆ ಮೂಲೆಯಿಂದ ಕೂದಲೆಳೆಯಂಥ ಬಿರುಕು ಹೊರಟರೆ ಒಳಪದರಗಳ ತಾಮ್ರದ ಗೆರೆಗಳು ತುಂಡಾಗುತ್ತವೆ. 2023ರಲ್ಲಿ ರಿಪೇರಿ ಮಾಡುವವರು ಇಂಥ ಬಿರುಕಿನ ಕಾರ್ಡುಗಳನ್ನು ಒಂದಾದ ಮೇಲೊಂದರಂತೆ ತೋರಿಸಿದಾಗಲೇ ಈ ವಿಷಯ ಎಲ್ಲರ ಬಾಯಿಗೆ ಬಂದದ್ದು. ಹಲವು ಪದರಗಳ ಒಳಗೆ ಆದ ಬಿರುಕನ್ನು ಸರಿಪಡಿಸುವುದು ಬಹಳ ಕಷ್ಟ.

ಇನ್ನೊಂದು ಜಾಗ, ಚಿಪ್ಪುಗಳ ಕೆಳಗಿನ ಬೆಸುಗೆ. ಗ್ರಾಫಿಕ್ಸ್ ಚಿಪ್ ಮತ್ತು ಅದರ ಸುತ್ತಲಿನ ಮೆಮೊರಿ ಚಿಪ್ಪುಗಳು ಬೋರ್ಡಿನ ಮೇಲೆ ಕೂತಿರುವುದು ಸಣ್ಣ ಸಣ್ಣ ಬೆಸುಗೆ ಗುಂಡುಗಳ ಮೇಲೆ. ಬೋರ್ಡ್ ಬಾಗುತ್ತದೆ, ಚಿಪ್ ಬಾಗುವುದಿಲ್ಲ, ನಡುವೆ ಸಿಕ್ಕಿಕೊಳ್ಳುವುದು ಈ ಗುಂಡುಗಳು. ಕಂಪ್ಯೂಟರ್ ಬಿಸಿಯಾಗಿ ತಣ್ಣಗಾಗುವಾಗಲೆಲ್ಲ ಅವು ಹಿಗ್ಗಿ ಕುಗ್ಗುತ್ತಲೇ ಇರುತ್ತವೆ, ಬಾಗಿದ ಎಳೆತ ಅದರ ಮೇಲೆ ಹೆಚ್ಚಿನ ಹೊರೆ. ಮೂಲೆಯ ಗುಂಡುಗಳು ಮೊದಲು ಬಿಡುತ್ತವೆ. ಪರದೆಯ ಮೇಲೆ ಬಣ್ಣದ ಚೌಕಗಳು, ಗೆರೆಗಳು ಕಾಣತೊಡಗುತ್ತವೆ.

ಮೂರನೆಯದು ಸಂಪರ್ಕ. ಅಗಲಕ್ಕೆ ತಿರುಚಿಕೊಂಡ ಕಾರ್ಡಿನಲ್ಲಿ ಸ್ಲಾಟಿನ ಒಂದು ಸಾಲಿನ ಹಲ್ಲುಗಳು ಒತ್ತಿಕೊಂಡು ಇನ್ನೊಂದು ಸಾಲಿನವು ಸಡಿಲವಾಗಬಹುದು. ಇದು ಹಾನಿಯಲ್ಲ, ತಂಟೆ. ಕಾರ್ಡ್ ಸರಿಯಾಗಿ ಕೂರಿಸಿದರೆ ಮುಗಿಯಿತು.

ನನ್ನ ಅಭಿಪ್ರಾಯ ಕೇಳಿದರೆ, ಸುಮ್ಮನೆ ನಿಂತ ಕಂಪ್ಯೂಟರಿನಲ್ಲಿ ಮೆಲ್ಲಗೆ ಜೋಲುವ ಕಾರ್ಡಿಗಿಂತ, ಕ್ಯಾಬಿನೆಟ್ ಎತ್ತಿ ಕುಕ್ಕಿದಾಗ, ವಾಹನದಲ್ಲಿ ಸಾಗಿಸಿದಾಗ, ಚಿಲಕ ಬಿಡಿಸದೆ ಕಾರ್ಡ್ ಕಿತ್ತಾಗ ಆಗುವ ಪೆಟ್ಟೇ ದೊಡ್ಡದು. ಜೋಲು ಆ ಪೆಟ್ಟಿಗೆ ದಾರಿ ಮಾಡಿಕೊಡುತ್ತದೆ.

ನನ್ನ ಮದರ್‌ಬೋರ್ಡಿನ ಸ್ಲಾಟಿಗೆ ಲೋಹದ ಕವಚ ಇದೆ. ಅಷ್ಟು ಸಾಲದೇ?

ಸಾಲದು. ಕವಚ ಕಾಪಾಡುವುದು ಸ್ಲಾಟನ್ನು. ಭಾರಕ್ಕೆ ಸ್ಲಾಟಿನ ಪ್ಲಾಸ್ಟಿಕ್ ಸೀಳದಂತೆ, ಮದರ್‌ಬೋರ್ಡಿನಿಂದ ಕಿತ್ತುಬರದಂತೆ ಅದು ತಡೆಯುತ್ತದೆ. ಕಾರ್ಡಿನ ಸ್ವಂತ ಬೋರ್ಡ್ ಬಾಗುವುದನ್ನಾಗಲಿ, ಕ್ಯಾಬಿನೆಟ್ಟಿನ ಹಿಂದಿನ ತೆಳು ತಗಡು ಬಳುಕುವುದನ್ನಾಗಲಿ ಅದು ತಡೆಯಲಾರದು. ಬ್ಯಾಕ್‌ಪ್ಲೇಟಿನದೂ ಹೆಚ್ಚುಕಡಿಮೆ ಇದೇ ಕಥೆ. ದಪ್ಪ ಲೋಹದ್ದಾದರೆ ಬೋರ್ಡಿಗೆ ಬಿಗಿ ಕೊಡುತ್ತದೆ, ತೆಳು ಪ್ಲಾಸ್ಟಿಕ್ಕಿನದಾದರೆ ಅಲಂಕಾರ.

ಏನನ್ನೂ ಕೊಳ್ಳದೆ ಮೊದಲು ಏನು ಮಾಡಿ ನೋಡಬಹುದು?

ಸ್ಕ್ರೂ ಬಿಗಿ ಮಾಡುವುದು. ಅದನ್ನೂ ಒಂದು ಕ್ರಮದಲ್ಲಿ ಮಾಡಿದರೆ ಫಲ ಹೆಚ್ಚು.

ಕಂಪ್ಯೂಟರ್ ಆರಿಸಿ, ಕರೆಂಟಿನ ವೈರ್ ಕಿತ್ತು, ಕ್ಯಾಬಿನೆಟ್ಟನ್ನು ಪಕ್ಕಕ್ಕೆ ಮಲಗಿಸಿ. ಗಾಜಿನ ಕಡೆ ಮೇಲೆ ಬರಬೇಕು, ಮದರ್‌ಬೋರ್ಡ್ ನೆಲಕ್ಕೆ ಸಮಾನಾಂತರವಾಗಿರಬೇಕು. ಈಗ ಕಾರ್ಡ್ ನೆಟ್ಟಗೆ ನಿಂತಿದೆ, ಭಾರ ನೇರ ಸ್ಲಾಟಿಗೆ ಇಳಿಯುತ್ತಿದೆ. ಬ್ರ್ಯಾಕೆಟ್ಟಿನ ಸ್ಕ್ರೂಗಳನ್ನು ಸಡಿಲಿಸಿ. ಕಾರ್ಡನ್ನು ಎರಡೂ ಕಡೆ ಸಮವಾಗಿ ಒತ್ತಿ, ಚಿಲಕ "ಟಕ್" ಎಂದಿತೇ ಕೇಳಿ. ಬ್ರ್ಯಾಕೆಟ್ಟಿನ ತುದಿಯ ನಾಲಗೆ ಕ್ಯಾಬಿನೆಟ್ಟಿನ ಸಂದಿಯೊಳಗೆ ಸರಿಯಾಗಿ ಇಳಿದಿದೆಯೇ ನೋಡಿ. ಅದು ಹೊರಗೆ ಸಿಕ್ಕಿಕೊಂಡಿದ್ದರೆ ಕಾರ್ಡ್ ಎಂದೂ ನೆಟ್ಟಗೆ ಕೂರದು. ಇಷ್ಟಾದ ಮೇಲೆ, ಕ್ಯಾಬಿನೆಟ್ ಮಲಗಿರುವಂತೆಯೇ ಸ್ಕ್ರೂಗಳನ್ನು ಬಿಗಿ ಮಾಡಿ.

ಸ್ಕ್ರೂ ತೂತುಗಳಲ್ಲಿ ಸ್ವಲ್ಪ ಸಡಿಲಿಕೆ ಇದ್ದೇ ಇರುತ್ತದೆ. ನಿಂತ ಕ್ಯಾಬಿನೆಟ್ಟಿನಲ್ಲಿ ಸ್ಕ್ರೂ ಹಾಕಿದರೆ ಆ ಸಡಿಲಿಕೆಯಷ್ಟೂ ಕಾರ್ಡ್ ಇಳಿದ ಮೇಲೆ ಬಿಗಿಯಾಗುತ್ತದೆ, ಮಲಗಿಸಿ ಹಾಕಿದರೆ ನೆಟ್ಟಗಿರುವಾಗಲೇ ಬಿಗಿಯಾಗುತ್ತದೆ. ಎಷ್ಟೋ ಸಲ ಜೋಲಿನ ಸ್ವಲ್ಪ ಪಾಲು ಇಷ್ಟಕ್ಕೇ ಹೋಗುತ್ತದೆ. ಬ್ರ್ಯಾಕೆಟ್ಟಿಗೆ ಎರಡು ತೂತಿದ್ದರೆ ಎರಡಕ್ಕೂ ಸ್ಕ್ರೂ ಹಾಕಿ. ಒಂದನ್ನೇ ಹಾಕಿ ಬಿಟ್ಟಿರುವವರು ತುಂಬ ಜನ.

ಆಮೇಲೆ ಕಾರ್ಡ್ ಬಂದ ಡಬ್ಬಿಯನ್ನು ಇನ್ನೊಮ್ಮೆ ತಡಕಿ. ದೊಡ್ಡ ಕಾರ್ಡುಗಳ ಜೊತೆ ಕಂಪನಿಯವರೇ ಸ್ಟ್ಯಾಂಡನ್ನೋ ಲೋಹದ ಪಟ್ಟಿಯನ್ನೋ ಇಟ್ಟಿರುತ್ತಾರೆ.

ಆಧಾರಗಳಲ್ಲಿ ಯಾವ ಬಗೆ ವಾಸಿ?

ಕೆಳಗಿನಿಂದ ಊರುವ ಕಂಬದ ಬಗೆ. ಪುಟ್ಟ ಜಾಕ್ ಎನ್ನಿ. ತಳದಲ್ಲಿ ಅಯಸ್ಕಾಂತ, ತಲೆಯಲ್ಲಿ ರಬ್ಬರ್, ನಡುವೆ ತಿರುಗಿಸಿ ಎತ್ತರ ಹೊಂದಿಸುವ ತಿರುಪು. ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪೆಟ್ಟಿಗೆ) ಮುಚ್ಚುವ ತಗಡಿನ ಮೇಲೋ ಕ್ಯಾಬಿನೆಟ್ಟಿನ ತಳದ ಮೇಲೋ ನಿಲ್ಲುತ್ತದೆ. ಭಾರ ನೇರ ನೆಲಕ್ಕೆ ಹೋಗುತ್ತದೆ, ಬೇರೆ ಲೆಕ್ಕಾಚಾರವೇ ಬೇಡ.

ಎರಡನೆಯ ಬಗೆ, ಕಾರ್ಡಿನ ಕೆಳಗಿನ ಖಾಲಿ ಸ್ಲಾಟುಗಳ ಜಾಗದಲ್ಲಿ ಹಿಂದಿನ ತಗಡಿಗೆ ಸ್ಕ್ರೂ ಹಾಕಿ, ಮುಂದಕ್ಕೆ ತೋಳು ಚಾಚುವ ಪಟ್ಟಿ. ಇದರ ಬಗ್ಗೆ ನನಗೆ ಅಷ್ಟು ಗೌರವವಿಲ್ಲ. ತಾನೇ ಒಂದು ತುದಿಯಲ್ಲಿ ತೂಗಾಡುವುದು ಇನ್ನೊಂದನ್ನು ಎಷ್ಟು ಹೊತ್ತೀತು? ಕ್ಯಾಬಿನೆಟ್ಟಿನ ತಗಡು ತೆಳುವಾಗಿದ್ದರೆ ಕಾರ್ಡೂ ಪಟ್ಟಿಯೂ ಒಟ್ಟಿಗೆ ಬಗ್ಗುತ್ತವೆ. ಬಣ್ಣದ ದೀಪ ಹಾಕಿದ ಅಂದದ ಪಟ್ಟಿಗಳಲ್ಲಿ ಈ ಜಾತಿಯವೇ ಹೆಚ್ಚು. ದಪ್ಪ ಉಕ್ಕಿನದು, ಎರಡು ಮೂರು ಕಡೆ ಸ್ಕ್ರೂ ಬೀಳುವಂಥದ್ದು ಸಿಕ್ಕರೆ ಅಡ್ಡಿಯಿಲ್ಲ. ಅದಕ್ಕೆ ಕೆಳಗೆ ಖಾಲಿ ಸ್ಲಾಟ್ ಇರಬೇಕು, ಮೂರೂವರೆ ಸ್ಲಾಟ್ ದಪ್ಪದ ಕಾರ್ಡಿನ ಕೆಳಗೆ ಸಣ್ಣ ಮದರ್‌ಬೋರ್ಡುಗಳಲ್ಲಿ ಏನೂ ಉಳಿದಿರುವುದಿಲ್ಲ.

ಮೂರನೆಯದು, ಮದರ್‌ಬೋರ್ಡಿನ ಸ್ಕ್ರೂ ತೂತುಗಳಿಗೇ ಬಿಗಿಯುವ ಲೋಹದ ಚೌಕಟ್ಟು. ಕೆಲವು ಕಾರ್ಡುಗಳ ಜೊತೆ ಬರುತ್ತದೆ. ಹಾಕಲು ಮದರ್‌ಬೋರ್ಡಿನ ಒಂದೆರಡು ಸ್ಕ್ರೂ ತೆಗೆಯಬೇಕು, ತಾಳ್ಮೆ ಬೇಕು, ಆದರೆ ಹಿಡಿತ ಚೆನ್ನಾಗಿರುತ್ತದೆ.

ನಾಲ್ಕನೆಯದು ಕ್ಯಾಬಿನೆಟ್ಟಿನ ಜೊತೆಗೇ ಬರುವಂಥದ್ದು: ಮುಂದಿನ ಗೋಡೆಯಿಂದಲೋ ಕೇಬಲ್ ಮುಚ್ಚುವ ಪಟ್ಟಿಯಿಂದಲೋ ಜಾರಿಸಿ ತರುವ ತೋಳು. ಇದ್ದರೆ ಅದನ್ನೇ ಬಳಸಿ. ವರ್ಕ್‌ಸ್ಟೇಷನ್ ಕಂಪ್ಯೂಟರುಗಳಲ್ಲಿ ಈ ಉಪಾಯ ಎಂದೂ ಹೋಗಿರಲೇ ಇಲ್ಲ. ಅವುಗಳಿಗೆಂದು ಎನ್‌ವಿಡಿಯಾ ಮಾಡುತ್ತಿದ್ದ ಕ್ವಾಡ್ರೊ ಕಾರ್ಡುಗಳ ಮುಂದಿನ ತುದಿಯಲ್ಲಿ ಹಿಡಿಕೆ ಜೋಡಿಸಲೆಂದೇ ಸ್ಕ್ರೂ ತೂತುಗಳಿರುತ್ತಿದ್ದವು.

ಸ್ಟ್ಯಾಂಡ್ ಎಷ್ಟು ಭಾರ ಹೊರಬೇಕಾಗುತ್ತದೆ?

ನೀವು ಅಂದುಕೊಂಡದ್ದಕ್ಕಿಂತ ಕಡಿಮೆ. 2 ಕಿಲೋ ಕಾರ್ಡಿನ ಭಾರದ ಮಧ್ಯಬಿಂದು ಬ್ರ್ಯಾಕೆಟ್ಟಿನಿಂದ 15 ಸೆಂ.ಮೀ. ದೂರದಲ್ಲಿದೆ ಎಂದಿಟ್ಟುಕೊಳ್ಳಿ. ಆಧಾರವಿಲ್ಲದಿದ್ದರೆ ಬ್ರ್ಯಾಕೆಟ್ ಮತ್ತು ಸ್ಲಾಟಿನ ಮೇಲೆ ಬೀಳುವ ತಿರುಚು ಬಲ ಸುಮಾರು 3 ನ್ಯೂಟನ್-ಮೀಟರ್. ಈಗ ಬ್ರ್ಯಾಕೆಟ್ಟಿನಿಂದ 28 ಸೆಂ.ಮೀ. ದೂರದಲ್ಲಿ ಕಂಬ ಊರಿದರೆ, ಆ ತಿರುಚನ್ನು ಪೂರ್ತಿ ಕಳೆಯಲು ಅದು ಹೊರಬೇಕಾದದ್ದು ಸುಮಾರು 1.1 ಕಿಲೋ ಮಾತ್ರ. ಉಳಿದದ್ದನ್ನು ಬ್ರ್ಯಾಕೆಟ್ ಹೊತ್ತುಕೊಳ್ಳುತ್ತದೆ, ಅಷ್ಟು ಹೊರಲು ಅದಕ್ಕೆ ಕಷ್ಟವೇನಿಲ್ಲ. ಕಂಬವನ್ನು ಮಧ್ಯಕ್ಕೆ ತಂದರೆ ಪೂರ್ತಿ 2 ಕಿಲೋ ಅದರ ಮೇಲೇ ಬೀಳುತ್ತದೆ. ಆದ್ದರಿಂದ ದುಬಾರಿ ಸ್ಟ್ಯಾಂಡಿಗಿಂತ ಸರಿಯಾದ ಜಾಗ ಮುಖ್ಯ.

ಆ ಸರಿಯಾದ ಜಾಗ ಯಾವುದು?

ಮುಂದಿನ ತುದಿಗೆ ಹತ್ತಿರ, ಹೊರ ಅಂಚಿನ ಕಡೆಗೆ. ಆದರೆ ಕಂಬದ ತಲೆ ತಾಗುವ ಜಾಗ ಗಟ್ಟಿಯಾಗಿರಬೇಕು. ಹೀಟ್‌ಸಿಂಕಿನ (ಶಾಖ ಹೊರಹಾಕುವ ರೆಕ್ಕೆಗಳ ಜೋಡಣೆ) ಲೋಹದ ಚೌಕಟ್ಟೋ ಸ್ಕ್ರೂ ಬಿದ್ದಿರುವ ಅಂಚೋ ಸಿಕ್ಕರೆ ಒಳ್ಳೆಯದು. ಕೊನೆಯ ಫ್ಯಾನಿನ ಆಚೆ ಬರೀ ಪ್ಲಾಸ್ಟಿಕ್ ಚಾಚಿಕೊಂಡಿದ್ದರೆ ಬೆರಳಿನಿಂದ ಒತ್ತಿ ನೋಡಿ, ಒಳಕ್ಕೆ ಹೋದರೆ ಅಲ್ಲಿ ಬೇಡ, ಸ್ವಲ್ಪ ಹಿಂದಕ್ಕೆ ಬನ್ನಿ.

ಮಾಮೂಲಿ ಟವರಿನಲ್ಲಿ ಕಾರ್ಡಿನ ಫ್ಯಾನುಗಳು ಕೆಳಮುಖವಾಗಿರುತ್ತವೆ. ಕಂಬದ ತಲೆ ಫ್ಯಾನಿನ ರೆಕ್ಕೆಗೆ ತಾಗಬಾರದು. ಇದನ್ನು ಹೇಳಬೇಕೇ ಎನಿಸಬಹುದು. ಆದರೆ ಈಗಿನ ಕಾರ್ಡುಗಳ ಫ್ಯಾನುಗಳು ತಣ್ಣಗಿರುವಾಗ ನಿಂತೇ ಇರುತ್ತವೆ, ನೀವು ಕಂಬ ನಿಲ್ಲಿಸಿ ಖುಷಿಯಾಗಿ ಮುಚ್ಚಿದ ಮೇಲೆ ಆಟ ಶುರುವಾದಾಗ ಕರಕರ ಸದ್ದು ಬರುತ್ತದೆ. ರೆಕ್ಕೆಯನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ ನೋಡಿ.

ಎಷ್ಟು ಎತ್ತಬೇಕು?

ಸಮವಾಗುವವರೆಗೆ, ಅದಕ್ಕಿಂತ ಒಂದು ಸುತ್ತೂ ಹೆಚ್ಚಲ್ಲ. ಕೆಳಕ್ಕೆ ಬಾಗಿದ್ದು ಕೆಟ್ಟದ್ದಾದರೆ ಮೇಲಕ್ಕೆ ಬಾಗಿದ್ದೂ ಅಷ್ಟೇ ಕೆಟ್ಟದ್ದು, ಎಳೆತ ದಿಕ್ಕು ಬದಲಿಸುತ್ತದೆ ಅಷ್ಟೆ. ತಿರುಪು ಇರುವ ಕಂಬದಲ್ಲಿ ಈ ಅಪಾಯ ಹೆಚ್ಚು: ಕೈಗೆ ಶ್ರಮವೇ ಗೊತ್ತಾಗದಂತೆ ಅದು ಎಷ್ಟು ಬೇಕಾದರೂ ಎತ್ತಿಬಿಡುತ್ತದೆ. ಒಂದು ಕೈಯಿಂದ ಕಾರ್ಡನ್ನು ಸಮವಾಗುವಷ್ಟು ಎತ್ತಿ ಹಿಡಿದು, ಇನ್ನೊಂದು ಕೈಯಿಂದ ಕಂಬವನ್ನು ತಿರುಗಿಸುತ್ತಾ ಬನ್ನಿ. ತಲೆ ತಾಗಿದ ಕೂಡಲೇ ನಿಲ್ಲಿಸಿ, ಕೈ ಬಿಡಿ. ಕಾರ್ಡನ್ನು ಎತ್ತುವುದು ಕೈಯ ಕೆಲಸ, ಹಾಗೆಯೇ ಹಿಡಿದಿಡುವುದು ಕಂಬದ ಕೆಲಸ.

ಕ್ಯಾಬಿನೆಟ್ಟಿನ ತಳದಲ್ಲಿ ಫ್ಯಾನುಗಳಿವೆ. ಕಂಬ ಎಲ್ಲಿ ಊರಲಿ?

ಎರಡು ಫ್ಯಾನುಗಳ ಚೌಕಟ್ಟು ಸೇರುವ ಜಾಗದಲ್ಲಿ ಊರಬಹುದು. ಫ್ಯಾನಿನ ಚೌಕಟ್ಟು ಗಟ್ಟಿ ಪ್ಲಾಸ್ಟಿಕ್, ಒಂದು ಕಿಲೋ ಭಾರಕ್ಕೆ ಅದು ಜಗ್ಗದು. ಆದರೆ ಅಯಸ್ಕಾಂತ ಅಲ್ಲಿ ಅಂಟುವುದಿಲ್ಲ, ಕಂಬ ಜಾರಬಹುದು, ಎರಡು ಬದಿಯ ಅಂಟುಪಟ್ಟಿ ಹಾಕಿ. ಜಾಗವೇ ಇಲ್ಲದಿದ್ದರೆ ಪಕ್ಕದ ಕೇಬಲ್ ಪಟ್ಟಿಗೆ ಬಿಗಿಯುವ ತೋಳಿನ ಬಗೆ ನೋಡಿ.

ಕಂಬದ ತಳದ ಅಯಸ್ಕಾಂತದಿಂದ ಒಳಗಿನ ಭಾಗಗಳಿಗೆ ತೊಂದರೆಯೇ?

ಇಲ್ಲ. ಎಸ್‌ಎಸ್‌ಡಿಗೆ ಅಯಸ್ಕಾಂತದ ಹಂಗೇ ಇಲ್ಲ, ಹಳೆಯ ಹಾರ್ಡ್ ಡಿಸ್ಕಿನ ಒಳಗೆ ಇದಕ್ಕಿಂತ ಬಲವಾದ ಅಯಸ್ಕಾಂತವೇ ಇರುತ್ತದೆ. ತಳದ ತಗಡು ಅಲ್ಯೂಮಿನಿಯಂ ಆಗಿದ್ದರೆ ಮಾತ್ರ ಅದು ಅಂಟುವುದಿಲ್ಲ.

ಕೈಗೆ ಸಿಕ್ಕ ವಸ್ತುವನ್ನೇ ಆಧಾರವಾಗಿ ಕೊಟ್ಟರೆ ಆಗದೇ?

ಧಾರಾಳವಾಗಿ ಆಗುತ್ತದೆ. ಲೆಗೊ ಇಟ್ಟಿಗೆಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ದಪ್ಪ ಇಟ್ಟಿಗೆಯ ಎತ್ತರ 9.6 ಮಿ.ಮೀ., ತೆಳು ಫಲಕದ್ದು 3.2 ಮಿ.ಮೀ., ಮೂರು ಫಲಕ ಸೇರಿದರೆ ಒಂದು ಇಟ್ಟಿಗೆ. ಹಾಗಾಗಿ 3.2 ಮಿ.ಮೀ. ಹೆಜ್ಜೆಯಲ್ಲಿ ಎತ್ತರ ಹೊಂದಿಸಬಹುದು, ಉಳಿದ ಚೂರಿಗೆ ಮೇಲೆ ಒಂದು ತುಂಡು ರಬ್ಬರ್. ಅಳತೆಗೆ ಕತ್ತರಿಸಿದ ಮರದ ಕೋಲು, ಗಟ್ಟಿ ಪ್ಲಾಸ್ಟಿಕ್ ಪೈಪ್ ಕೂಡ ನಡೆಯುತ್ತವೆ.

ಬೇಡವಾದವು: ಲೋಹದ ಬರಿಯ ತುದಿ, ಏಕೆಂದರೆ ಜಾರಿ ಬೋರ್ಡಿಗೆ ತಾಗಿದರೆ ಶಾರ್ಟ್ ಆಗುತ್ತದೆ. ಮೇಣ, ಬಿಸಿ ಅಂಟು: ಕಾರ್ಡಿನ ಶಾಖಕ್ಕೆ ಮೆತ್ತಗಾಗುತ್ತವೆ. ಸ್ಪಂಜು: ಮೊದಲ ದಿನ ಸರಿಯಿರುತ್ತದೆ, ಆಮೇಲೆ ಕುಗ್ಗುತ್ತದೆ. ಗಾಳಿಗೆ ಅಡ್ಡ ನಿಲ್ಲುವ ದೊಡ್ಡ ಡಬ್ಬಿಯಂಥದ್ದೂ ಬೇಡ.

3ಡಿ ಪ್ರಿಂಟರಿನಲ್ಲಿ ಮಾಡಿಕೊಂಡರೆ?

ಮಾಡಿಕೊಳ್ಳಿ, ಆದರೆ ಪಿಎಲ್‌ಎ ಎಂಬ ಪ್ಲಾಸ್ಟಿಕ್ ಬಿಟ್ಟು ಪಿಇಟಿಜಿ ಅಥವಾ ಎಬಿಎಸ್ ಬಗೆಯದನ್ನು ಬಳಸಿ. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿಗೆ ಮೆತ್ತಗಾಗುತ್ತದೆ, ಹೊರೆ ಹೊತ್ತು ನಿಂತಿದ್ದರೆ ಅದಕ್ಕೂ ಮೊದಲೇ ನಿಧಾನವಾಗಿ ಕುಸಿಯತೊಡಗುತ್ತದೆ. ಪಿಇಟಿಜಿ 80ರ ಆಸುಪಾಸು, ಎಬಿಎಸ್ 100ರ ಆಸುಪಾಸು ತಡೆಯುತ್ತವೆ.

ಮೇಲಿನಿಂದ ದಾರ ಕಟ್ಟಿ ಎಳೆದು ಹಿಡಿಯಬಹುದೇ?

ಕಾಣುವುದಕ್ಕೆ ಅಂದ, ಕೆಲಸವೂ ಆಗುತ್ತದೆ. ಹೆಣೆದ ಮೀನಿನ ಗಾಳದ ದಾರ ಒಳ್ಳೆಯದು. ಒಂಟಿ ಎಳೆಯ ನೈಲಾನ್ ದಿನ ಕಳೆದಂತೆ ಹಿಗ್ಗುತ್ತದೆ. ಕ್ಯಾಬಿನೆಟ್ಟಿನ ಮೇಲಿನ ಚೌಕಟ್ಟಿಗೆ ಕಟ್ಟಿ, ಪ್ರೊಸೆಸರ್ ಕೂಲರಿನ ಫ್ಯಾನಿಗೆ ತಾಗದಂತೆ ಇಳಿಸಿ, ಬ್ಯಾಕ್‌ಪ್ಲೇಟಿನ ಗಟ್ಟಿ ತೂತಿಗೋ ಲೋಹದ ಅಂಚಿಗೋ ಬಿಗಿಯಿರಿ. ಕಾರ್ಡಿಗೆ ಹೋಗುವ ಪವರ್ ಕೇಬಲ್ಲನ್ನೇ ಮೇಲಕ್ಕೆ ಎಳೆದು ಕಟ್ಟುವವರಿದ್ದಾರೆ. ಅದು ಮಾತ್ರ ಬೇಡವೇ ಬೇಡ.

ಪವರ್ ಕೇಬಲ್ ವಿಷಯ ಬಂತಲ್ಲ, ಅದಕ್ಕೂ ಜೋಲಿಗೂ ಏನು ಸಂಬಂಧ?

ಸ್ಲಾಟ್ ಕೊಡುವುದು 75 ವ್ಯಾಟ್ ಮಾತ್ರ, ಉಳಿದದ್ದೆಲ್ಲ ಕೇಬಲ್ಲಿನಿಂದ ಬರಬೇಕು. 8 ಪಿನ್ನಿನದು ಒಂದಕ್ಕೆ 150 ವ್ಯಾಟ್, ಹೊಸ 16 ಪಿನ್ನಿನದು 600 ವ್ಯಾಟಿನವರೆಗೆ. ಈ ಕನೆಕ್ಟರುಗಳು ಇರುವುದು ಹೊರ ಅಂಚಿನಲ್ಲಿ. ನಾಲ್ಕು 8 ಪಿನ್ ಕೇಬಲ್ಲುಗಳನ್ನು ಒಂದಕ್ಕೆ ಸೇರಿಸುವ ಅಡಾಪ್ಟರ್ ಅಲ್ಲಿಂದ ತೂಗುತ್ತಿದ್ದರೆ, ಮೊದಲೇ ಇಳಿದಿರುವ ಅಂಚನ್ನು ಇನ್ನಷ್ಟು ಕೆಳಕ್ಕೆ ಜಗ್ಗುತ್ತದೆ. ಕೇಬಲ್ಲಿನ ಭಾರವನ್ನು ಕ್ಯಾಬಿನೆಟ್ಟಿಗೇ ಕಟ್ಟಿಬಿಡಿ.

16 ಪಿನ್ ಕನೆಕ್ಟರಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಪೂರ್ತಿ ಒಳಕ್ಕೆ ಕೂರದಿದ್ದರೆ ಅದು ಕಾದು ಕರಗಬಹುದು ಎಂಬುದನ್ನು 4090 ಬಂದಾಗ ಎಲ್ಲರೂ ನೋಡಿದ್ದೇವೆ. ಕನೆಕ್ಟರಿನಿಂದ ಹೊರಬಂದ ಮೇಲೆ ಕನಿಷ್ಠ 35 ಮಿ.ಮೀ. ನೇರವಾಗಿ ಹೋಗಿ ಆಮೇಲೆ ಕೇಬಲ್ ಬಾಗಲಿ. ಕಂಬ ಊರಿ ಕಾರ್ಡನ್ನು ಎತ್ತಿದ ಮೇಲೆ ಈ ಕನೆಕ್ಟರನ್ನು ತಪ್ಪದೆ ಮತ್ತೊಮ್ಮೆ ನೋಡಿ. ಕಾರ್ಡ್ ಮೇಲೆ ಬಂದಿದೆ, ಕೇಬಲ್ ಮಾತ್ರ ಹಿಂದಿನಷ್ಟೇ ಉದ್ದವಿದೆ.

ಕಾರ್ಡನ್ನು ನೆಟ್ಟಗೆ ನಿಲ್ಲಿಸುವ ವರ್ಟಿಕಲ್ ಮೌಂಟ್ ಹಾಕಿಬಿಟ್ಟರೆ ಈ ರಗಳೆಯೇ ಇಲ್ಲವಲ್ಲ?

ಜೋಲಿನ ರಗಳೆ ಹೋಗುತ್ತದೆ, ಬೇರೆ ರಗಳೆ ಬರುತ್ತದೆ. ಕಾರ್ಡಿಗೂ ಮದರ್‌ಬೋರ್ಡಿಗೂ ನಡುವೆ ರೈಸರ್ ಕೇಬಲ್, ಅಂದರೆ ಸ್ಲಾಟನ್ನು ಕಾರ್ಡಿನವರೆಗೆ ಚಾಚುವ ಕೇಬಲ್ ಬೇಕು. ಪಿಸಿಐ ಎಕ್ಸ್‌ಪ್ರೆಸ್ ಎಂದರೆ ಈ ಸ್ಲಾಟಿನ ಸಂಪರ್ಕದ ಹೆಸರು, ಅದರಲ್ಲಿ ಮಾಹಿತಿ ಸಾಗುವ ಒಂದೊಂದು ದಾರಿ ಒಂದೊಂದು ಲೇನ್. ಅದರ 3.0 ಆವೃತ್ತಿಯಲ್ಲಿ ಒಂದು ಲೇನಿನ ವೇಗ ಸೆಕೆಂಡಿಗೆ 8 ಗಿಗಾಟ್ರಾನ್ಸ್‌ಫರ್, 4.0ರಲ್ಲಿ 16, 5.0ರಲ್ಲಿ 32. ವೇಗ ಹೆಚ್ಚಿದಂತೆ ಕೇಬಲ್ಲಿನ ಗುಣಮಟ್ಟದ ಮೇಲಿನ ಒತ್ತಡವೂ ಹೆಚ್ಚುತ್ತದೆ. 3.0ಕ್ಕೆ ಮಾಡಿದ ಹಳೆಯ ಕೇಬಲ್ಲಿಗೆ ಹೊಸ ಕಾರ್ಡ್ ಸಿಕ್ಕಿಸಿದರೆ ಪರದೆ ಕಪ್ಪಾಗುವುದು, ನಡುನಡುವೆ ನಿಂತುಹೋಗುವುದು ಮಾಮೂಲು. ಬಯೋಸಿಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟ) ಹೋಗಿ ಸ್ಲಾಟಿನ ವೇಗವನ್ನು ಕೈಯಾರೆ ಕೇಬಲ್ ತಡೆಯುವ ಮಟ್ಟಕ್ಕೆ ಇಳಿಸಬೇಕು. ರೈಸರ್ ಹಾಕುವ ಮೊದಲೇ ಇದನ್ನು ಮಾಡಿ, ಆಮೇಲೆ ಪರದೆಯೇ ಬರದಿದ್ದರೆ ಬಯೋಸಿಗೆ ಹೋಗುವುದು ಹೇಗೆ?

ಮತ್ತೆ ಗಾಜಿನ ತೊಂದರೆ. ನೆಟ್ಟಗೆ ನಿಂತ ಕಾರ್ಡಿನ ಫ್ಯಾನುಗಳು ಗಾಜಿಗೆ ಮುಖಮಾಡುತ್ತವೆ. 70 ಮಿ.ಮೀ. ದಪ್ಪದ ಕಾರ್ಡಾದರೆ ಗಾಜಿಗೂ ಫ್ಯಾನಿಗೂ ನಡುವೆ ಬೆರಳು ತೂರುವಷ್ಟು ಜಾಗವೂ ಉಳಿಯದೆ ಉಸಿರುಕಟ್ಟುತ್ತದೆ. ಕಾರ್ಡನ್ನು ಎಲ್ಲರಿಗೂ ತೋರಿಸುವ ಆಸೆಯಿದ್ದರೆ ಹಾಕಿ. ಜೋಲು ತಡೆಯುವುದೊಂದೇ ಉದ್ದೇಶವಾದರೆ ಇಷ್ಟೆಲ್ಲ ಏಕೆ?

ಕ್ಯಾಬಿನೆಟ್ಟನ್ನೇ ಮಲಗಿಸಿ ಬಳಸಿದರೆ?

ಜೋಲು ಸೊನ್ನೆ. ಗಾಳಿ ಓಡಾಡುವ ಕಿಂಡಿಗಳು ಮುಚ್ಚದಂತೆ ನೋಡಿಕೊಳ್ಳಿ, ಪ್ರೊಸೆಸರಿಗೆ ನೀರಿನ ಕೂಲರ್ ಇದ್ದರೆ ಪಂಪಿನಲ್ಲಿ ಗಾಳಿ ಸೇರಿಕೊಳ್ಳದಂತೆ ರೇಡಿಯೇಟರ್ ಅದಕ್ಕಿಂತ ಮೇಲಿರಲಿ. ಸಿಲ್ವರ್‌ಸ್ಟೋನಿನ ರೇವನ್ ಸರಣಿಯ ಕೆಲವು ಕ್ಯಾಬಿನೆಟ್ಟುಗಳು ಮದರ್‌ಬೋರ್ಡನ್ನೇ 90 ಡಿಗ್ರಿ ತಿರುಗಿಸಿ ಕಾರ್ಡ್ ಬ್ರ್ಯಾಕೆಟ್ಟಿನಿಂದ ನೇರ ಕೆಳಕ್ಕೆ ಇಳಿಬೀಳುವಂತೆ ಮಾಡಿದ್ದವು. ಜಾಣ ಉಪಾಯ, ಯಾಕೋ ಹೆಚ್ಚು ಜನ ಹಿಂಬಾಲಿಸಲಿಲ್ಲ.

ವರ್ಷಗಳಿಂದ ಬಾಗಿಯೇ ಇದ್ದ ಕಾರ್ಡನ್ನು ಈಗ ನೆಟ್ಟಗೆ ಮಾಡಬಹುದೇ?

ಮಾಡಬಹುದು, ಅವಸರ ಬೇಡ. ಬಿಸಿಯಲ್ಲಿ, ಹೊರೆಯಲ್ಲಿ ವರ್ಷಗಟ್ಟಲೆ ಇದ್ದ ಬೋರ್ಡ್ ಆ ಆಕಾರಕ್ಕೇ ಒಗ್ಗಿಕೊಂಡಿರಬಹುದು. ಹೊರಗೆ ತೆಗೆದು ಕೈಯಿಂದ ಹಿಂದಕ್ಕೆ ಬಗ್ಗಿಸುವ ಸಾಹಸ ಮಾತ್ರ ಮಾಡಬೇಡಿ, ಇಷ್ಟು ದಿನ ತಡೆದ ಬೆಸುಗೆ ಆ ಒಂದು ಕ್ಷಣದಲ್ಲಿ ಬಿಟ್ಟೀತು. ಮೊದಲು ಸ್ಕ್ರೂ ಸರಿಮಾಡಿ. ಆಮೇಲೆ ಕಂಬವನ್ನು ಈಗಿನ ಎತ್ತರಕ್ಕೇ ತಾಗಿಸಿ ನಿಲ್ಲಿಸಿ, ಕೆಲವು ದಿನಕ್ಕೊಮ್ಮೆ ಆರಿಸಿದ ಕಂಪ್ಯೂಟರಿನಲ್ಲಿ ಒಂದೊಂದು ಮಿ.ಮೀ. ಏರಿಸುತ್ತಾ ಬನ್ನಿ. ಪೂರ್ತಿ ಸಮವಾಗದಿದ್ದರೂ ನಷ್ಟವಿಲ್ಲ, ಇನ್ನು ಮುಂದೆ ಇಳಿಯದಿದ್ದರೆ ಆಯಿತು.

ಏರಿಸುವ ಮೊದಲು ಕೊಕ್ಕೆಯ ಬಳಿ ದೀಪ ಹಿಡಿದು ಬಿರುಕು ಇದೆಯೇ ನೋಡಿ. ಇದ್ದರೆ ಕಂಬವನ್ನು ಮುಟ್ಟದೆ ರಿಪೇರಿಯವರಿಗೆ ತೋರಿಸಿ.

ಕಾರ್ಡ್ 16 ಲೇನಿನ ಬದಲು 8 ಲೇನಿನಲ್ಲಿ ಓಡುತ್ತಿದೆ ಎಂದು ತೋರಿಸುತ್ತಿದೆ. ಜೋಲು ಕಾರಣವೇ?

ಇರಬಹುದು. ಜಿಪಿಯು-ಝಡ್ ತಂತ್ರಾಂಶದಲ್ಲಿ ಬಸ್ ಇಂಟರ್‌ಫೇಸ್ ಎಂಬ ಸಾಲು ನೋಡಿ. ಕೆಲಸವಿಲ್ಲದಾಗ ಕಾರ್ಡ್ ವಿದ್ಯುತ್ ಉಳಿಸಲು 1.1 ವೇಗಕ್ಕೆ ಇಳಿಯುವುದು ಸಹಜ, ಪಕ್ಕದ ಪ್ರಶ್ನೆ ಚಿಹ್ನೆ ಒತ್ತಿ ಪರೀಕ್ಷೆ ಓಡಿಸಿದಾಗ ಏರಬೇಕು. ಆದರೆ ಲೇನುಗಳ ಸಂಖ್ಯೆಯೇ 8 ಅಥವಾ 4ಕ್ಕೆ ನಿಂತಿದ್ದರೆ ಮೊದಲು ಮದರ್‌ಬೋರ್ಡಿನ ಕೈಪಿಡಿ ನೋಡಿ: ಕೆಲವು ಬೋರ್ಡುಗಳಲ್ಲಿ ಎರಡನೆಯ ಸ್ಲಾಟನ್ನೋ ಎಸ್‌ಎಸ್‌ಡಿ ಕೂರಿಸುವ ಒಂದು ಎಂ.2 ಜಾಗವನ್ನೋ ತುಂಬಿದರೆ ಲೇನುಗಳು ಹಂಚಿಹೋಗುತ್ತವೆ. ಕಾರ್ಡೇ 8 ಲೇನಿನದಾಗಿರಲೂಬಹುದು. ಇವೆರಡೂ ಅಲ್ಲದಿದ್ದರೆ ಕಾರ್ಡ್ ತೆಗೆದು, ಹಲ್ಲುಗಳನ್ನು ಒರೆಸಿ, ಮತ್ತೆ ಕೂರಿಸಿ ಆಧಾರ ಕೊಡಿ.

ಹಾಗೆಂದು ಜೋಲಿಗೆ ಹೆದರಿ ಕಾರ್ಡನ್ನು ಕೆಳಗಿನ ಸ್ಲಾಟಿಗೆ ಹಾಕಬೇಡಿ. ಅಲ್ಲಿ ಬಹಳ ಸಲ 4 ಲೇನುಗಳೇ ಇರುತ್ತವೆ.

ಜೋಲಿದ್ದರೆ ಕಾರ್ಡ್ ಹೆಚ್ಚು ಬಿಸಿಯಾಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ಬಿಸಿ ಏರಿದ್ದರೆ ಧೂಳು, ಫ್ಯಾನ್, ಚಿಪ್ಪಿಗೂ ಹೀಟ್‌ಸಿಂಕಿಗೂ ನಡುವೆ ಹಚ್ಚಿದ್ದು ಒಣಗಿದ ಪೇಸ್ಟ್ ಇವುಗಳನ್ನು ನೋಡಿ.

ಎರಡು ಫ್ಯಾನಿನ ಸಣ್ಣ ಕಾರ್ಡಿಗೂ ಆಧಾರ ಬೇಕೇ?

ಬೇಡ. ಒಂದು ಕಿಲೋಗಿಂತ ಕಡಿಮೆ ತೂಗುವ, 25 ಸೆಂ.ಮೀ. ಒಳಗಿನ ಕಾರ್ಡಿಗೆ ಎರಡು ಸ್ಕ್ರೂ ಬಿಗಿಯಾಗಿದ್ದರೆ ಸಾಕು.

ಮನೆ ಬದಲಿಸುವಾಗ ಕಂಪ್ಯೂಟರನ್ನು ಹೇಗೆ ಸಾಗಿಸಲಿ? ಸ್ಟ್ಯಾಂಡ್ ಇದೆಯಲ್ಲ?

ಸಾಗಣೆಯ ಕುಲುಕಿಗೆ ಸ್ಟ್ಯಾಂಡ್ ಉತ್ತರವಲ್ಲ. ಗುಂಡಿಗೆ ಇಳಿದ ವಾಹನದಲ್ಲಿ ಕಾರ್ಡ್ ಮೇಲಕ್ಕೂ ಹಾರುತ್ತದೆ, ಆಗ ಕಂಬ ಬಿದ್ದು ಒಳಗೆಲ್ಲ ಉರುಳಾಡುತ್ತದೆ. ಭಾರದ ಕಾರ್ಡಾದರೆ ತೆಗೆದು ಅದರ ಡಬ್ಬಿಯಲ್ಲೇ ಒಯ್ಯಿರಿ. ಹತ್ತಿರದ ದಾರಿ, ತೆಗೆಯುವ ಮನಸ್ಸಿಲ್ಲ ಎಂದರೆ ಕಂಬವನ್ನು ಹೊರಗೆ ತೆಗೆದಿಟ್ಟು, ಗಾಜು ಮೇಲೆ ಬರುವಂತೆ ಕ್ಯಾಬಿನೆಟ್ಟನ್ನು ಮೆತ್ತನೆಯ ಹಾಸಿನ ಮೇಲೆ ಮಲಗಿಸಿ. ಕೊರಿಯರಿನಲ್ಲಿ ಕಳಿಸುವುದಾದರೆ ಕಾರ್ಡ್ ತೆಗೆಯುವುದೊಂದೇ ದಾರಿ.

ಕಾರ್ಡ್ ತೆಗೆಯುವಾಗ ಚಿಲಕಕ್ಕೆ ಬೆರಳೇ ಎಟುಕುವುದಿಲ್ಲ. ಏನು ಮಾಡಲಿ?

ಹಿಂದಿನ ಪ್ರಶ್ನೆಗಿಂತ ಇದು ಮುಖ್ಯ. ದೊಡ್ಡ ಕಾರ್ಡ್ ಚಿಲಕವನ್ನು ಪೂರ್ತಿ ಮರೆಮಾಡುತ್ತದೆ, ಚಿಲಕ ಬಿಟ್ಟುಕೊಂಡಿದೆ ಅಂದುಕೊಂಡು ಜನ ಜಗ್ಗುತ್ತಾರೆ, ಕೊಕ್ಕೆ ಮುರಿಯುತ್ತದೆ. ಕ್ಯಾಬಿನೆಟ್ ಮಲಗಿಸಿ, ಸ್ಕ್ರೂ ಬಿಚ್ಚಿ, ಪವರ್ ಕೇಬಲ್ ತೆಗೆದು, ಉದ್ದನೆಯ ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಚಿಲಕ ಒತ್ತಿ. ಸ್ಕ್ರೂಡ್ರೈವರ್ ಬೇಡ, ಜಾರಿದರೆ ಮದರ್‌ಬೋರ್ಡಿನ ಮೇಲೆ ಗೀರು. ಒತ್ತಿ ಹಿಡಿದಿರುವಾಗ ಕಾರ್ಡ್ ತಾನಾಗಿಯೇ ಸ್ವಲ್ಪ ಮೇಲೆ ಬರಬೇಕು. ಬರಲಿಲ್ಲವೆಂದರೆ ಚಿಲಕ ಇನ್ನೂ ಹಿಡಿದಿದೆ ಎಂದೇ ಅರ್ಥ. ಹೊಸ ಮದರ್‌ಬೋರ್ಡ್ ಕೊಳ್ಳುವವರು ಅಂಚಿನಲ್ಲಿ ಗುಂಡಿ ಒತ್ತಿದರೆ ಚಿಲಕ ಬಿಡುವ ಸೌಲಭ್ಯ ಇದೆಯೇ ಎಂದು ನೋಡಿ. ಬಣ್ಣದ ದೀಪಗಳಿಗಿಂತ ಇದು ಉಪಯೋಗಕ್ಕೆ ಬರುತ್ತದೆ.

ಬಿರುಕು ಬಿಟ್ಟರೆ ವಾರಂಟಿ ಸಿಗುತ್ತದೆಯೇ?

ಬಿರುಕನ್ನು ಕಂಪನಿಗಳು ಹೆಚ್ಚಾಗಿ ಹೊರಗಿನ ಪೆಟ್ಟು ಎಂದು ಪರಿಗಣಿಸುತ್ತವೆ, ವಾರಂಟಿ ನಿರಾಕರಿಸುತ್ತವೆ. ಹೊಸ ಕಾರ್ಡ್ ಡಬ್ಬಿಯಿಂದ ತೆಗೆದ ಕೂಡಲೇ ಕೊಕ್ಕೆಯ ಸುತ್ತಲಿನ ಭಾಗದ ಫೋಟೋ ಎರಡೂ ಬದಿಯಿಂದ ತೆಗೆದಿಡಿ. ಹಳೆಯ ಕಾರ್ಡ್ ಕೊಳ್ಳುವಾಗಲೂ ಅದೇ ಜಾಗದ ಸ್ಪಷ್ಟ ಫೋಟೋ ಕೇಳಿ, ಕೊಡಲು ಮೀನಮೇಷ ಎಣಿಸಿದರೆ ಆ ವ್ಯಾಪಾರ ಬಿಡಿ.

ಒಮ್ಮೆ ಆಧಾರ ಕೊಟ್ಟ ಮೇಲೆ ಮರೆತುಬಿಡಬಹುದೇ?

ಧೂಳು ಹೊಡೆಯುವಾಗಲೆಲ್ಲ ಕಂಬವನ್ನು ಬೆರಳಿನಿಂದ ಅಲುಗಾಡಿಸಿ ನೋಡಿ. ಫ್ಯಾನುಗಳ ನಡುಕಕ್ಕೆ ತಿರುಪು ಒಂದಿಷ್ಟು ಸಡಿಲವಾಗಬಹುದು, ರಬ್ಬರ್ ತಲೆ ಒತ್ತಿ ತೆಳುವಾಗಬಹುದು. ಸಲೀಸಾಗಿ ಅಲುಗಿದರೆ ಅರ್ಧ ಸುತ್ತು ತಿರುಗಿಸಿ. ಕ್ಯಾಬಿನೆಟ್ಟನ್ನು ಜಾಗದಿಂದ ಜಾಗಕ್ಕೆ ಸರಿಸಿದ ದಿನವೂ ಒಮ್ಮೆ ನೋಡಿ, ಮತ್ತೆ ಹೊಸ ಕಾರ್ಡ್ ಹಾಕಿದಾಗ ಹಳೆಯ ಎತ್ತರವನ್ನು ಹಾಗೇ ಬಿಡದೆ ಮೊದಲಿನಿಂದ ಅಳೆಯಿರಿ.